ಜಾಜಿಗೆ ಹೊಗೆ ತಾಗಬಾರದೆಂದು

ಮೊನ್ನೆ ಮಧುಗಿರಿಯ ಛತ್ರವೊಂದರಲ್ಲಿ ಮದುವೆಯ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿದ್ದ ದೂರದ ನೆಂಟರಾಕೆ ನನ್ನ ಗುರುತು ಹಿಡಿದು, ಪಾಯಸದ ಕೈಯನ್ನೇ ಎತ್ತಿ ಕೂಗಿದಳು.

"ಅಯ್ಯೋ, ನೀನು ರಂಗಮ್ಮಜ್ಜಿ ಮೊಮ್ಮಗಳಲ್ವೇನಮ್ಮ? ಏನ್ ಕೈ ಕಣಮ್ಮ ಆ ಯಮ್ಮಂದು! ಒಣಗಿದ್ ಕಡ್ಡಿ ಚುಚ್ಚಿದ್ರೂ ಹೂವಾಗ್ತಿತ್ತು. ನನ್ ಮದ್ವೇಲಿ ಮುಡಿದಿದ್ದು ಪೂರ್ತಿ ನಿಮ್ ಹಿತ್ಲಿಂದೇ."

ನಾನು ನಕ್ಕೆ. ನಗದೆ ಇನ್ನೇನು ಮಾಡಲಿ? ಎಲೆಯ ಮುಂದೆ ಕೂತು ಸತ್ತವಳ ಮೇಲೆ ದೂರು ಹೇಳುವುದಕ್ಕಾಗುತ್ತದೆಯೇ? ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಅವಳ ಹಿತ್ತಲನ್ನು ಹೊಗಳುವವರು ಮಾತ್ರ ಇನ್ನೂ ಮುಗಿದಿಲ್ಲ. ಸಿಕ್ಕವರೆಲ್ಲ ಕನಕಾಂಬರ, ಕಾಕಡ, ಸೇವಂತಿಗೆ ಅಂತ ಎಣಿಸುತ್ತಾರೆ. ಆ ಹಿತ್ತಲಿಗೂ ಅಡುಗೆ ಮನೆಗೂ ನಡುವೆ ಒಂದು ಗೋಡೆಯಿತ್ತಲ್ಲ, ಅದರ ಈಚೆ ಕಡೆ ಯಾರಿದ್ದರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಈಚೆ ಕಡೆ ನಮ್ಮಮ್ಮ ಇದ್ದಳು. ಯಾರೂ ಕೇಳದಿದ್ದರೆ ಬೇಡ, ನಾನೇ ಹೇಳುತ್ತೇನೆ.

ನಮ್ಮದು ಐ.ಡಿ.ಹಳ್ಳಿಯಿಂದ ಇನ್ನೂ ಒಳಗೆ ಹೋಗಬೇಕಾದ ಊರು. ಮಾಳಿಗೆ ಮನೆ, ಕಲ್ಲು ಮಣ್ಣಿನ ದಪ್ಪ ಗೋಡೆ, ತಲೆಯ ಮೇಲೂ ಮಣ್ಣೇ. ಮುಂದೆ ಜಗಲಿ, ಒಳಗೆ ನಡುಮನೆ, ಎಡಕ್ಕೆ ಅಡುಗೆ ಮನೆ, ಅದಕ್ಕಂಟಿಕೊಂಡು ಬಚ್ಚಲು, ಹಿಂದೆ ಹಿತ್ತಲು. ಅಜ್ಜಿಗೊಂದು ಚಟವಿತ್ತು, ಮನೆಯನ್ನು ಇದ್ದ ಹಾಗೆ ಇರಗೊಡುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆರೆಯ ಗೋಡುಮಣ್ಣು ತರಿಸಿ, ಹೊಟ್ಟು ಬೆರೆಸಿ ತುಳಿದು, ಏನಾದರೊಂದು ಕಟ್ಟುವಳು, ಇಲ್ಲವೇ ಕೆಡವುವಳು. ಜಗಲಿಗೆ ಒರಗಿಕೊಳ್ಳಲು ದಿಂಡು ಬೇಕೆನಿಸಿತು, ಕಟ್ಟಿದಳು. ಕೋಳಿಗೂಡು ಈ ಮೂಲೆಗೆ ಬಂತು, ಮುಂದಿನ ವರ್ಷ ಆ ಮೂಲೆಗೆ ಹೋಯಿತು. ನಡುಮನೆಯ ಗೋಡೆಯಲ್ಲಿ ಅಮ್ಮ ತನ್ನ ಬಾಚಣಿಗೆ, ಕನ್ನಡಿ, ಬೊಟ್ಟಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದ ಗೂಡೊಂದಿತ್ತು. ಒಂದು ದಿನ ಅದನ್ನೂ ಮುಚ್ಚಿ, ಮೇಲೆ ಸುಣ್ಣ ಬಳಿದು, ಗೋಡೆ ಈಗ ನೆಟ್ಟಗೆ ಕಾಣ್ತದೆ ಎಂದಳು. ಕನ್ನಡಿ ಎಲ್ಲಿಡಬೇಕು ಅಂತ ಹೇಳಲಿಲ್ಲ. ಇಷ್ಟಕ್ಕೂ ಮಣ್ಣು ಹೊರುವವಳು ಅಮ್ಮ, ನೀರು ತರುವವಳು ಅಮ್ಮ, ಹೊಗಳಿಸಿಕೊಳ್ಳುವವಳು ಅಜ್ಜಿ. ತಾತ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಯಾರ ಮನೆಯದೋ ಕೆಲಸ ನೋಡುವವನ ಹಾಗೆ ನೋಡುತ್ತಿದ್ದ.

ಹಿತ್ತಲಿಗೆ ನೀರು ಬರುತ್ತಿದ್ದುದು ನಮ್ಮ ಮೈಮೇಲಿಂದ. ಇದು ತಮಾಷೆಯಲ್ಲ. ಬಚ್ಚಲಿಂದ ಕಾಲುವೆ ತೆಗೆದು ಮೊದಲು ಕನಕಾಂಬರದ ಮಡಿಗೆ, ಅಲ್ಲಿಂದ ಕಾಕಡಕ್ಕೆ, ಉಳಿದರೆ ಸೇವಂತಿಗೆಗೆ ಹೋಗುವ ಹಾಗೆ ಅಜ್ಜಿ ದಾರಿ ಮಾಡಿದ್ದಳು. ಬಾವಿ ಬತ್ತಿ, ಬೋರು ವಾರಕ್ಕೆ ಯಾವಾಗಲೋ ಕರುಣೆ ತೋರಿಸುತ್ತಿದ್ದ ಊರಲ್ಲಿ ಅದು ಜಾಣತನವೇ ಸರಿ. ಆದರೆ ಆ ಕಾರಣಕ್ಕೆ ಮನೆಯಲ್ಲಿ ಸೋಪು ನಿಷಿದ್ಧ. ಸೋಪಿನ ನೀರು ಕುಡಿದರೆ ಕನಕಾಂಬರ ಬಿಳಚಿಕೊಳ್ಳುತ್ತದಂತೆ. ನಾವೆಲ್ಲ ಸೀಗೆಪುಡಿ, ಕಡ್ಲೆಹಿಟ್ಟು. ಅಮ್ಮ ಶಿರಾ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬರುವಾಗ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಸೋಪು ತಂದಿದ್ದಳು. ಅದು ಸೀರೆಗಳ ಮಡಿಕೆಯೊಳಗೆ ಹಾಗೇ ಇತ್ತು. ಅಮ್ಮನ ಸೀರೆ ಮೂಸಿದರೆ ನನಗೆ ಆ ವಾಸನೆ ಬರುತ್ತಿತ್ತು, ಅವಳ ಮೈಯಿಂದ ಯಾವತ್ತೂ ಬರಲಿಲ್ಲ.

ಬೆಳಿಗ್ಗೆ ಬಿಡಿಸಿದ ಹೂವನ್ನು ಅಜ್ಜಿ ಜಗಲಿಯಲ್ಲಿ ಕೂತು ಕಟ್ಟುವಳು. ದಾರ ಮುಟ್ಟುತ್ತಿರಲಿಲ್ಲ. ಬಾಳೆಯ ನಾರನ್ನು ನೆನೆಸಿ, ಸೀಳಿ, ಹೊಸೆದುಕೊಡುವ ಕೆಲಸ ನನ್ನದು. ಕಟ್ಟಿ ಮುಗಿಸಿ ಮಾಲೆಯನ್ನು ತುಂಡು ಮಾಡಿ ಸಾಲಾಗಿ ಇಡುವಳು. ದೇವರದ್ದು, ಬೀದಿಯ ಹೆಂಗಸರದ್ದು, ನನ್ನದು, ಕೊನೆಯದು ಅಮ್ಮನದು. ಆ ಕೊನೆಯ ತುಂಡಿನ ಉದ್ದ ನೋಡಿದರೆ ನನಗೆ ಹಿಂದಿನ ದಿನದ ಅಡುಗೆ ಹೇಗಿತ್ತು, ಅಮ್ಮ ಎದುರು ಮಾತಾಡಿದಳೋ ಇಲ್ಲವೋ ಗೊತ್ತಾಗುತ್ತಿತ್ತು. ಮೊಳವಿದ್ದರೆ ಮನೆ ತಣ್ಣಗಿದೆ. ಗೇಣಿದ್ದರೆ ಸಾರಿಗೆ ಉಪ್ಪು ಹೆಚ್ಚಾಗಿದೆ. ಕನಕಾಂಬರವೇ ಇಲ್ಲದೆ ಬರೀ ಪತ್ರೆ ಕಟ್ಟಿದ್ದರೆ ಅವತ್ತು ನಾನು ಕೂಡ ಸದ್ದು ಮಾಡದೆ ಇರಬೇಕು. ಅಮ್ಮ ಏನಿತ್ತೋ ಅದನ್ನು ಎತ್ತಿ ಮುಡಿದುಕೊಂಡು ಒಳಗೆ ಹೋಗುವಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನೇ ಹೂವು ಕುಂಕುಮವಿಲ್ಲದೆ ಕಳಿಸುವುದಿಲ್ಲ. ಮನೆಯ ಸೊಸೆ ತವರಿಗೆ ಹೊರಟಾಗಲಂತೂ ಅತ್ತೆಯೇ ಕೈಯಾರೆ ಮುಡಿಸಬೇಕು. ಹೋಗಿ ಬಾ ಅಂತ ಅರ್ಥ. ಮುಡಿಸದೆ ಕಳಿಸಿದರೆ ಏನರ್ಥ ಅಂತ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆ ಗೋಡೆ. ಅಡುಗೆ ಮನೆಗೆ ಹಿತ್ತಲ ಕಡೆಗೊಂದು ಕಿಟಕಿ ಇತ್ತು. ಮರದ ಕಂಬಿಯ, ಮೊಳ ಅಗಲವೂ ಇಲ್ಲದ ಕಿಟಕಿ. ಅಜ್ಜಿಯ ತವರು ಪಾವಗಡದ ಆಚೆ, ವಳ್ಳೂರಿನ ಕಡೆ. ಅಲ್ಲಿನ ಹೊಲಗಳ ಮೇಲೆ ಈಗ ಸೋಲಾರ್ ಹಲಗೆಗಳು ಮಲಗಿವೆ. ಅಲ್ಲಿಂದ ಅವಳು ಒಂದು ಜಾಜಿ ಬಳ್ಳಿ ತಂದು ಆ ಗೋಡೆಯ ಬುಡದಲ್ಲೇ ನೆಟ್ಟಳು. ಬಳ್ಳಿ ಸೊಂಪಾಗಿ ಎದ್ದಿತು. ಎದ್ದು ಕಿಟಕಿಯ ಮಟ್ಟಕ್ಕೆ ಬಂದಾಗ ಚಿಗುರು ಮುದುಡಿಕೊಂಡಿತು. ಅಜ್ಜಿ ನಿಂತು ನೋಡಿದಳು. ಮಾರನೆಯ ದಿನವೇ ಮಣ್ಣು ಕಲಸಿ ಕಿಟಕಿ ಮುಚ್ಚಿದಳು.

"ಒಲೆ ಹೊಗೆ ಎಳೇ ಚಿಗುರಿಗೆ ಬಡೀತದೆ. ಮ್ಯಾಲೆ ಗವಾಕ್ಷಿ ಇಲ್ವಾ, ಅದ್ರಲ್ಲಿ ಹೋಗ್ತದೆ ಬುಡು" ಎಂದಳು.

ಗವಾಕ್ಷಿ ಎಂದರೆ ಚಾವಣಿಯಲ್ಲಿ ಬಿಂದಿಗೆಯ ಬಾಯಿಯಷ್ಟು ತೂತು. ಹೊಗೆಗೆ ಅಷ್ಟು ಮೇಲೆ ಹೋಗುವ ಮನಸ್ಸಿರಲಿಲ್ಲ. ಸೌದೆ ಒದ್ದೆಯಿದ್ದ ದಿನ ಅದು ಚಾವಣಿಯಿಂದ ಇಳಿದು ಇಳಿದು ಅಮ್ಮನ ಭುಜದವರೆಗೆ ಬರುತ್ತಿತ್ತು. ಅವಳು ಕೂತೇ ಎಲ್ಲ ಕೆಲಸ ಮಾಡುವುದನ್ನು ಕಲಿತಳು. ಮುದ್ದೆ ತೊಳಸುವಾಗ ಮಾತ್ರ ಏಳಲೇಬೇಕು. ಆಗ ಉಸಿರು ಕಟ್ಟಿಕೊಂಡು ಏಳುವಳು, ಕೆಮ್ಮುತ್ತಾ ಕೂರುವಳು. ಕಣ್ಣು ಯಾವಾಗಲೂ ಕೆಂಪು. ಅಳಬೇಕೆನಿಸಿದರೆ ಬೇರೆ ನೆಪ ಹುಡುಕುವ ಕಷ್ಟವಿರಲಿಲ್ಲ ಅವಳಿಗೆ. ಅಪ್ಪನಿಗೆ ಹೇಳಿದಳು, ನನ್ನೆದುರಿಗೇ ಹೇಳಿದಳು. ಅಪ್ಪ ಮುದ್ದೆ ಮುರಿಯುತ್ತಾ, ನೋಡೋಣ ಎಂದ. ನಮ್ಮಪ್ಪ ಜೀವಮಾನವೆಲ್ಲಾ ನೋಡೋಣ ಎಂದೇ ಕಳೆದ, ಪುಣ್ಯಾತ್ಮ.

ಒಂದು ದಿನ ಅಜ್ಜಿ ಪಟ್ಟನಾಯಕನಹಳ್ಳಿಯ ಮಠಕ್ಕೆ ಹೂವಿನ ಬುಟ್ಟಿ ತೆಗೆದುಕೊಂಡು ಹೋದಳು. ಬಸ್ಸು ಹತ್ತಿಸಿ ಬಂದ ಅಮ್ಮ ಕೊಟ್ಟಿಗೆಯಲ್ಲಿದ್ದ ಹಾರೆ ತಂದು ಗೋಡೆಗೆ ಹಾಕಿದಳು. ನಾನು ಬೆಪ್ಪಾಗಿ ನಿಂತೆ. ಅಮ್ಮ ಹಾರೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು, ಕಂಬಿ ಕಂಡಿತು, ಆಮೇಲೆ ಬೆಳಕು. ಒಲೆಯ ಮೇಲಿದ್ದ ಹೊಗೆಯೆಲ್ಲ ಯಾರೋ ಕರೆದರೆಂಬಂತೆ ಕಿಟಕಿಯ ಕಡೆ ತಿರುಗಿ ಹೊರಟುಹೋಯಿತು. ಹಿತ್ತಲಲ್ಲಿದ್ದ ಹುಂಜ ಹಾರಿ ಕಿಟಕಿಯ ಮೇಲೆ ಕೂತು ಒಳಗೆ ಇಣುಕಿತು. ಅಮ್ಮ ಜೋರಾಗಿ ನಕ್ಕಳು.

"ಬಾರಪ್ಪ, ಬಾ, ನೀನಾದ್ರೂ ಬಂದ್ಯಲ್ಲ" ಎಂದಳು ಅದಕ್ಕೆ.

ನಮ್ಮಮ್ಮನಿಗೆ ಅಷ್ಟು ದೊಡ್ಡ ನಗು ಇದೆಯೆಂದು ನನಗೆ ಗೊತ್ತಾದದ್ದು ಅವತ್ತು. ಆದರೆ ಬಳ್ಳಿಗೆ ಕಟ್ಟಿದ್ದ ಹುರಿಗಳ ಮೊಳೆಗಳೆಲ್ಲ ಆ ಮುಚ್ಚಿದ ಮಣ್ಣಿನಲ್ಲೇ ಇದ್ದವು. ಗೋಡೆಯ ಅಷ್ಟು ಭಾಗದ ಜಾಜಿ ಕಳಚಿ ನೆಲಕ್ಕೆ ಬಿತ್ತು. ಅಮ್ಮ ಅದನ್ನು ಎತ್ತಿ ಕಟ್ಟಲು ನೋಡಿದಳು, ದಪ್ಪ ಬಳ್ಳಿಯೊಂದು ಗೆಣ್ಣಿನಲ್ಲೇ ಸೀಳಿತು. ಸಂಜೆ ಅಜ್ಜಿ ಬಂದು ಪ್ರಸಾದ ಕೊಟ್ಟಳು, ಹಿತ್ತಲಿಗೆ ಹೋದಳು, ನೋಡಿದಳು. ಬಯ್ಯಲಿಲ್ಲ. ಸಿಟ್ಟು ಬಂದರೆ ತೆಲುಗಿನಲ್ಲಿ ಬಯ್ಯುವುದು ಅವಳ ರೂಢಿ, ಬೀದಿಯೆಲ್ಲಾ ಕೇಳುತ್ತಿತ್ತು. ಅವತ್ತು ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಸೀಳಿದ ಬಳ್ಳಿಗೆ ಸೆಗಣಿ ಮೆತ್ತಿ ಬಟ್ಟೆ ಸುತ್ತಿ ಒಳಗೆ ಬಂದು ಕೈ ತೊಳೆದಳು.

ಮುಂದಿನ ವಾರ ಶಿರಾದಲ್ಲಿ ನನ್ನ ಸೋದರಮಾವನ ಮಗುವಿಗೆ ಹೆಸರಿಡುವುದಿತ್ತು. ಅಮ್ಮನೂ ನಾನೂ ಹೊರಟೆವು. ಅಜ್ಜಿ ಜಗಲಿಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ಮಡಿಲಲ್ಲಿ ಕನಕಾಂಬರ ರಾಶಿಯಾಗಿತ್ತು, ನಾನು ಕಣ್ಣಾರೆ ನೋಡಿದೆ.

"ಅತ್ತೆ, ಹೋಗಿ ಬತ್ತೀನಿ."

"ಹೂಂ."

ಅಮ್ಮ ನಿಂತೇ ಇದ್ದಳು. ಅಜ್ಜಿ ನನ್ನನ್ನು ಕರೆದು, ಬಾ ಪಾಪ ಅಂತ ಕೂರಿಸಿಕೊಂಡು, ಎರಡು ಜಡೆಗೂ ತುಂಬಾ ಹೂವು ಮುಡಿಸಿದಳು. ಕುಂಕುಮದ ಬಟ್ಟಲನ್ನು ಅಮ್ಮನ ಕಡೆ ಸರಿಸಿದಳು. ಕುಂಕುಮ ಅವಳ ಮಗನ ಲೆಕ್ಕ, ಕೊಡದೆ ವಿಧಿಯಿಲ್ಲ. ಆಮೇಲೆ ಮತ್ತೆ ನಾರು ತೆಗೆದುಕೊಂಡು ಕಟ್ಟತೊಡಗಿದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಅಪ್ಪ ಬ್ಯಾಗು ಹಿಡಿದು ಬೀದಿಯಲ್ಲಿ ನಿಂತಿದ್ದ, ಅವನಿಗೂ ಕಾಣುತ್ತಿತ್ತು. ಅಮ್ಮ ತಾನೇ ಕುಂಕುಮ ಇಟ್ಟುಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದಳು. ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಹೂವಿನ ಬುಟ್ಟಿಗಳು ಸಾಲಾಗಿದ್ದವು. ಕೊಂಡು ಮುಡಿದಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಯಾಕೆ ಕೊಳ್ಳಲಿಲ್ಲ ಅಂತ ದೊಡ್ಡವಳಾದ ಮೇಲೆ ಕೇಳಿದ್ದೆ.

"ಅವ್ರು ಮಾಡಿದ್ದನ್ನ ನಾನ್ ಯಾಕೆ ಮುಚ್ಬೇಕಿತ್ತು?" ಎಂದಿದ್ದಳು.

ಶಿರಾದಲ್ಲಿ ಮಾವನಿಗೆ ಸೈಕಲ್ ಅಂಗಡಿಯಿತ್ತು. ಒಳ್ಳೆಯವನು, ತಂಗಿಯ ಮೇಲೆ ಜೀವ, ಆದರೆ ಮರ್ಯಾದೆಯ ವಿಷಯ ಬಂದರೆ ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ಬಾಗಿಲಲ್ಲೇ ಅವನ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವಳು, ಅಮ್ಮನ ಸೆರಗು ಜಾರಿದ್ದನ್ನು ನೋಡಿಬಿಟ್ಟಳು. ಮಗಳ ತಲೆಯ ತುಂಬಾ ಹೂವು, ತಾಯಿಯ ತುರುಬು ಬರಿದು. ನೋಡಿದವರಿಗೆ ಇನ್ನೇನು ಬೇಕು?

"ಬರೀ ತಲೇಲಿ ಕಳಿಸವ್ಳೆ ಅಂದ್ರೆ ವಾಪಸ್ ಬರ್ಬೇಡ ಅಂತ ತಾನೆ? ನಾವೇನು ಹುಲ್ಲು ತಿಂತೀವಾ, ತಿಳಿಯಾಕಿಲ್ವಾ?" ಮಾವ ಕೂಗಾಡಿದ. "ಆ ಯಮ್ಮನೇ ಬಂದು, ಹೂವು ಮುಡ್ಸಿ ಕರ್ಕಂಡೋಗ್ಲಿ. ಅಲ್ಲೀಗಂಟ ನೀನಿಲ್ಲೇ ಇರು."

"ಹಂಗೇನಿಲ್ಲ ಕಣಣ್ಣ" ಎಂದಳು ಅಮ್ಮ, ಒಂದೇ ಸಲ, ಅದೂ ಮೆಲ್ಲಗೆ. ಕಿಟಕಿಯ ಕತೆ ಹೇಳಲಿಲ್ಲ. ಮೊಳ ಅಗಲದ ಕಿಟಕಿಗಾಗಿ ಇಷ್ಟೆಲ್ಲಾ ಆಯಿತೆಂದು ಹೇಳಿಕೊಳ್ಳುವುದು ಹೇಗೆ? ತನ್ನ ಪರವಾಗಿ ಯಾರಾದರೂ ಒಬ್ಬರು ಸಿಟ್ಟಾಗಲಿ ಎಂಬ ಆಸೆಯೂ ಅವಳಿಗಿತ್ತು, ಅದು ನನಗೆ ಗೊತ್ತು. ಆ ಸಿಟ್ಟಿಗೆ ಕೊನೆಯಿಲ್ಲ ಅಂತ ಮಾತ್ರ ಅವಳಿಗೆ ಆಗ ಹೊಳೆಯಲಿಲ್ಲ.

ಹಾಗೆ ಒಂದು ರಾತ್ರಿಗೆಂದು ಹೋದವರು ಉಳಿದುಬಿಟ್ಟೆವು. ಮುಂಗಾರು ಹೋಯಿತು, ಕಡ್ಲೆಕಾಯಿ ಕಿತ್ತರು, ರಾಗಿ ತೆನೆಗೆ ಬಂತು. ನನ್ನನ್ನು ಶಿರಾದ ಇಸ್ಕೂಲಿಗೆ ಹಾಕಿದರು, ಕೊನೆಯ ಸಾಲಲ್ಲಿ ಕೂರಿಸಿದರು. ಮೊದಮೊದಲು ಅತ್ತೆ ಅಮ್ಮನಿಗೆ ಕೂತಲ್ಲಿಗೆ ಮೊಸರು ತಂದು ಬಡಿಸುತ್ತಿದ್ದಳು. ಆಮೇಲೆ ಮೊಸರು ಮಜ್ಜಿಗೆಯಾಯಿತು. ಆಮೇಲೆ ಅಮ್ಮನೇ ಎಲ್ಲರಿಗೂ ಬಡಿಸಿ ಕೊನೆಗೆ ಕೂರತೊಡಗಿದಳು. ಅತ್ತೆಯನ್ನು ನಾನು ದೂರುವುದಿಲ್ಲ. ಗಂಡ ಒಂದು ಮಾತಾಡಿ ಎದ್ದುಹೋದ, ಅನ್ನ ಹಾಕಬೇಕಾದವಳು ಅವಳು. ಅಪ್ಪ ಒಂದೆರಡು ಸಲ ಬಂದು ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಕುಡಿದು, ಮಾವನ ಬೈಗುಳ ಕೇಳಿಸಿಕೊಂಡು ಹೋದ. ಅಜ್ಜಿ ಹೇಳಿ ಕಳಿಸಿದ್ದು ಇಷ್ಟೇ:

"ನಾನ್ ಯಾರ್ನೂ ಓಡಿಸಿಲ್ಲ. ತಾನೇ ಬಸ್ ಹತ್ತಿದೋಳು ತಾನೇ ಇಳಿದು ಬರ್ಲಿ."

ಅವಳೂ ಬರುವುದಿಲ್ಲ, ಇವನೂ ಕಳಿಸುವುದಿಲ್ಲ. ಇಬ್ಬರ ಮಾನವೂ ಉಳಿಯಿತು. ನಡುವೆ ಅಮ್ಮ ಅಣ್ಣನ ಮನೆಯ ಪಾತ್ರೆ ತಿಕ್ಕಿದಳು. ನಾನು ರಾತ್ರಿ ಮಲಗುವಾಗ, ಊರಿಗೆ ಯಾವಾಗ ಹೋಗೋದು ಅಂತ ಕೇಳುತ್ತಿದ್ದೆ. ಅಮ್ಮ ನನ್ನ ಕಡೆ ಬೆನ್ನು ಮಾಡಿ ಮಲಗುತ್ತಿದ್ದಳು.

ಕೊನೆಗೆ ಅಪ್ಪ ಒಂದು ಬೆಳಿಗ್ಗೆ ಬಾಳೆಲೆಯ ಪೊಟ್ಟಣ ಹಿಡಿದು ಬಂದ. ಮಾವನ ಮುಂದೆ ಅದನ್ನು ಅಮ್ಮನ ಕೈಗೆ ಕೊಟ್ಟ.

"ಅಮ್ಮ ಕೊಟ್ ಕಳಿಸವ್ಳೆ. ಮೈಗೆ ಹುಷಾರಿಲ್ಲ, ಇಲ್ದಿದ್ರೆ ತಾನೇ ಬರೋಳು."

ಮಾವನ ಮುಖ ಸಡಿಲವಾಯಿತು. ಅತ್ತೆಯ ಮುಖ ಅದಕ್ಕಿಂತ ಸಡಿಲವಾಯಿತು. ಅಮ್ಮ ಪೊಟ್ಟಣ ಬಿಚ್ಚಿದಳು. ಕನಕಾಂಬರ, ಮೊಳಕ್ಕಿಂತ ಉದ್ದ. ಅವಳ ಹೆಬ್ಬೆರಳು ಗಂಟಿನ ಮೇಲೆ ಹೋಗಿ ನಿಂತಿತು. ನಾನೂ ನೋಡಿದೆ. ಬಿಳಿ ನೂಲಿನ ದಾರ. ಬಸ್‌ಸ್ಟ್ಯಾಂಡಿನ ಹೂವು. ನಾರು ಹೊಸೆದು ಹೊಸೆದು ಬೆರಳು ಸವೆಸಿಕೊಂಡವಳು ನಾನು, ನನಗೆ ತಿಳಿಯದೆ? ಬಾಯಿ ತೆರೆದೆ. ಅಮ್ಮ ಸೆರಗಿನ ಮರೆಯಲ್ಲಿ ನನ್ನ ತೋಳು ಚಿವುಟಿದಳು, ಚರ್ಮ ಕಿತ್ತುಬರುವ ಹಾಗೆ.

"ಅತ್ತೆ ಕಟ್ಟಿದ್ದೇ. ಅವ್ರ ಕೈ ನಂಗೊತ್ತಿಲ್ವಾ?" ಎಂದು ಅಣ್ಣನ ಮುಖ ನೋಡಿಯೇ ಹೇಳಿದಳು. ಮುಡಿದುಕೊಂಡಳು. ಮಾವನ ಹೆಂಡತಿ ಓಡಿಹೋಗಿ ಕುಂಕುಮ ತಂದಳು.

ಬಸ್ಸಿನಲ್ಲಿ ಅಮ್ಮ ಅಪ್ಪನೊಂದಿಗೆ ಒಂದೇ ಮಾತಾಡಿದ್ದು.

"ನಾರಾದ್ರೂ ಹಾಕ್ಸಿದ್ರೆ ಆಗ್ತಿತ್ತು."

ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತ. ಮನೆಗೆ ಬಂದಾಗ ಅಜ್ಜಿ ಗುಂಡುಕಲ್ಲಿನಂತೆ ಜಗಲಿಯ ಮೇಲಿದ್ದಳು, ಯಾವ ಕಾಯಿಲೆಯೂ ಇರಲಿಲ್ಲ. ಅಮ್ಮನ ತುರುಬು ನೋಡಿ ಹುಬ್ಬು ಹಾರಿಸಿದಳು.

"ಓಹೋ, ಪ್ಯಾಟೆ ಹೂವು! ತೌರಲ್ಲಿ ಮುಡಿಸಿ ಕಳಿಸವ್ರೇನೋ. ಆಗ್ಲಿ ಬುಡು. ರಾಗಿ ಹಸನು ಮಾಡೋದೈತೆ, ಒಳೀಕ್ ನಡಿ."

ಅಪ್ಪ ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಮ್ಮ ಹೂವು ಕಿತ್ತು ಹಸುವಿನ ಮುಂದೆ ಹಾಕಿ ಅಡುಗೆ ಮನೆಗೆ ಹೋದಳು. ಕಿಟಕಿ ಮತ್ತೆ ಮುಚ್ಚಿತ್ತು. ಈ ಸಲ ಕಲ್ಲಿಟ್ಟು, ಮಣ್ಣು ಮೆತ್ತಿ, ಸುಣ್ಣ ಬಳಿದು, ಅಲ್ಲೊಂದು ಕಿಟಕಿ ಇತ್ತೆಂದು ಹೇಳುವುದಕ್ಕೇ ಆಗದ ಹಾಗೆ ಅಜ್ಜಿ ಕೆಲಸ ಮಾಡಿದ್ದಳು. ಅಮ್ಮ ಬ್ಯಾಗು ಇಳಿಸಿ ಒಲೆ ಹಚ್ಚಿದಳು.

ಅವತ್ತಿನಿಂದ ಅಮ್ಮ ಹಿತ್ತಲ ಹೂವು ಮುಡಿಯಲಿಲ್ಲ. ಜಗಳವಿಲ್ಲ, ಶಪಥವಿಲ್ಲ, ಸುಮ್ಮನೆ ಮುಡಿಯಲಿಲ್ಲ. ಅಜ್ಜಿ ಕೊನೆಯ ತುಂಡನ್ನು ದಿನವೂ ಇಡುತ್ತಿದ್ದಳು, ಅದು ಅಲ್ಲೇ ಬಾಡುತ್ತಿತ್ತು, ಸಂಜೆ ನಾನು ಕಸಕ್ಕೆ ಹಾಕುತ್ತಿದ್ದೆ. ಅಜ್ಜಿ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಇಂದಿಗೂ ನನಗೆ ಯಾರಾದರೂ ಏನಾದರೂ ಕೊಟ್ಟರೆ ಮೊದಲು ಅದರ ಗಂಟು ನೋಡುತ್ತೇನೆ. ನನ್ನ ಮಕ್ಕಳು ನಗುತ್ತಾರೆ. ನಗಲಿ. ಗ್ಯಾಸಿನ ಒಲೆ ಬರುವ ಹೊತ್ತಿಗೆ ಅಮ್ಮನ ಎದೆಯಲ್ಲಿ ಕೆಮ್ಮು ಮನೆ ಮಾಡಿಕೊಂಡಿತ್ತು. ಡಾಕ್ಟರು ಎಕ್ಸ್‌ರೇ ಫೋಟೊ ತೆಗೆಸಿ ನೋಡಿ, "ಎಷ್ಟು ವರ್ಷದಿಂದ ಬೀಡಿ ಸೇದ್ತೀರಮ್ಮ?" ಎಂದು ಕೇಳಿದರು. ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ನೋಡಿಕೊಂಡವಳೂ ಅಮ್ಮನೇ, ಇನ್ಯಾರಿದ್ದಾರೆ. ತಾತ, ಅಪ್ಪ ಇಬ್ಬರೂ ಹೋಗಿಯಾಗಿತ್ತು. ನಾನು ನೋಡಲು ಹೋದ ದಿನ ನಡುಮನೆಯಲ್ಲಿ ಅಮ್ಮ ಗಂಜಿ ಕುಡಿಸುತ್ತಿದ್ದಳು. ಅಜ್ಜಿಯ ಸೊಂಟ ಬಿದ್ದಿತ್ತೇ ಹೊರತು ಬುದ್ಧಿ ಚುರುಕಾಗಿಯೇ ಇತ್ತು. ಯಾವ ಊರಿನ ಯಾರು ತನ್ನ ಹತ್ತಿರ ಸೇವಂತಿಗೆ ಸಸಿ ಇಸಕೊಂಡು ಹೋದರು, ಯಾರು ಜಾಜಿ ಕಡ್ಡಿ ಕದ್ದರು, ಎಲ್ಲ ಹೆಸರು ಹೆಸರಾಗಿ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಅವತ್ತು ಅಮ್ಮನ್ನ ಹೂವಿಲ್ದೆ ಯಾಕ್ ಕಳಿಸ್ದೆ?"

"ಯಾವತ್ತು?"

"ಶಿರಾಕ್ಕೆ. ಅಡಿಗೆ ಮನೆ ಕಿಟಕಿ ಒಡೆದ ಮೇಲೆ. ನಾವು ಎಷ್ಟೋ ತಿಂಗಳು ಬರ್ಲೇ ಇಲ್ವಲ್ಲ."

ಅಜ್ಜಿ ಚಾವಣಿ ನೋಡಿದಳು. ನಾಟಕವಲ್ಲ, ನಿಜವಾಗಿ ಹುಡುಕುತ್ತಿದ್ದಳು. ಅವಳ ನಾಟಕ ನನಗೆ ಗೊತ್ತು.

"ಶಿರಾಕ್ಕಾ... ಬಾಣಂತನಕ್ಕೆ ಹೋಗಿದ್ದಾ?"

"ಬಾಣಂತನಕ್ಕಲ್ಲ ಅಜ್ಜಿ! ನೀನು ಹೂವು ಕೊಡ್ಲಿಲ್ಲ ಅಂತ ಮಾವ ಕಳಿಸ್ಲೇ ಇಲ್ಲ."

"ನಂಗೆ ನೆಪ್ಪಿಲ್ಲ ಕಣ್ ಪಾಪ. ಅವತ್ತು ಹೂವು ಕಮ್ಮಿ ಬಿದ್ದಿರ್ಬೇಕು. ಅದ್ನೆಲ್ಲ ಯಾರ್ ನೆಪ್ಪಿಕ್ಕಂತಾರೆ ಬುಡು."

ನಾನು ಅಮ್ಮನ ಕಡೆ ತಿರುಗಿ, ಕೇಳಿಸ್ಕೊಂಡ್ಯಾ, ಕೇಳಿಸ್ಕೊಂಡ್ಯಾ ಎಂದು ಕೂಗಿದೆ. ಅಮ್ಮನ ಕೈಯಲ್ಲಿದ್ದ ಚಮಚ ಅಜ್ಜಿಯ ತುಟಿಯ ಹತ್ತಿರ ನಿಂತಿತ್ತು. ಅವಳು ಕೆಮ್ಮಿ, ಬಾಯನ್ನು ಭುಜಕ್ಕೆ ಒರೆಸಿಕೊಂಡು, ನನ್ನನ್ನಲ್ಲ, ಬಟ್ಟಲನ್ನು ನೋಡುತ್ತಾ ಹೇಳಿದಳು.

"ಇಷ್ಟ್ ವರ್ಷ ಇಟ್ಕಂಡಿದ್ದೆ ಕಣೇ, ಇವ್ರು ಕಣ್ಮುಚ್ಚೋದ್ರೊಳ್ಗೆ ಒಂದ್ಸಲ ಕೇಳ್ಬೇಕು ಅಂತ. ದಿನಾ ಮನಸ್ನಲ್ಲೇ ಹೇಳ್ಕಂತಿದ್ದೆ, ಹಿಂಗ್ ಕೇಳ್ಬೇಕು, ಹಂಗ್ ಕೇಳ್ಬೇಕು ಅಂತ. ಈಗ ಯಾರನ್ನ ಕೇಳ್ಲಿ?"

ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿದಳು, ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಅಮ್ಮ ಚಮಚವನ್ನು ಮತ್ತೆ ಗಂಜಿಯಲ್ಲಿ ಅದ್ದಿದಳು.

"ಬಾಯಿ ಬುಡಿ ಅತ್ತೆ, ಆರಿ ಹೋಗ್ತದೆ."